ಚರ್ಚ್ ಅಂಗಳದ 'ಅಳುವ ಮರ' ಕಡಿಯಲೇಬೇಕಾ?

ಪ್ರಶ್ನೆ: ಮೇಡಂ, ನಮ್ಮೂರ ಚರ್ಚ್ ಅಂಗಳದಲ್ಲಿ ಒಂದು ಹಳೇ ಮರ ಇದೆ. ಕೊಂಬೆಗಳೆಲ್ಲ ಜೋತು ಬಿದ್ದು ನೆಲ ಮುಟ್ಟುತ್ತವೆ. ನಮ್ಮ ಅಜ್ಜಿ ಮದುವೆಯಾಗಿ ಬಂದಾಗಲೇ ದೊಡ್ಡದಿತ್ತಂತೆ. ಈಗ ಬೇರು ಕಾಂಪೌಂಡ್ ಗೋಡೆ ಎತ್ತಿದೆ, ಕಡಿಸೋಣ ಅಂತ ಕಮಿಟಿಯವರು ಹೊರಟಿದ್ದಾರೆ. ಸಮಾಧಿಗಳ ಪಕ್ಕ ಅಳುವ ಮರ ಒಳ್ಳೇದಲ್ಲ ಅನ್ನೋರೂ ಇದ್ದಾರೆ. ಉಳಿಸೋಕೆ ದಾರಿ ಇದೆಯಾ? ಫೋಟೋ ಕಳಿಸಿದ್ದೇನೆ.
– ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಖಂಡಿತ ಇದೆ. ದಯವಿಟ್ಟು ಕಡಿಯೋಕೆ ಬಿಡಬೇಡಿ.

ಫೋಟೋ ದೊಡ್ಡದು ಮಾಡಿ ನೋಡಿದೆ. ಹೊಳೆಯುವ ಎಲೆ, ತುದಿ ಬಾಲದ ಹಾಗೆ ಉದ್ದಕ್ಕೆ ಎಳೆದು ಸ್ವಲ್ಪ ತಿರುಚಿಕೊಂಡಿದೆ. ನೀವು ಮುರಿದ ಕಡ್ಡಿಯ ತುದಿಯಲ್ಲಿ ಬಿಳಿ ಹಾಲಿನ ಹನಿ ಇನ್ನೂ ನಿಂತಿದೆ. ಎಲೆ ಬುಡದಲ್ಲಿ ಜೋಡಿ ಜೋಡಿಯಾಗಿ ಪುಟ್ಟ ಕಾಯಿ. ಇದು ಫೈಕಸ್ ಬೆಂಜಮಿನಾ. ಆಲ, ಅರಳಿ, ಅತ್ತಿ, ಬಸರಿ ಇವುಗಳ ಬಂಧು. ಪೇಟೆಯಲ್ಲಿ ಕುಂಡದಲ್ಲಿಟ್ಟು ಮಾರುತ್ತಾರಲ್ಲ, ಅದೇ ಗಿಡ. ನೆಲದಲ್ಲಿ ಬಿಟ್ಟರೆ ಹೀಗೆ ಮಹಾವೃಕ್ಷ ಆಗುತ್ತದೆ.

ಅಪಶಕುನದ ಮಾತು ಮೊದಲು ಮುಗಿಸೋಣ. ಇಂಗ್ಲಿಷಿನವರು ಕೊಂಬೆ ಇಳಿಬಿಟ್ಟ ಮರಕ್ಕೆಲ್ಲ 'ವೀಪಿಂಗ್', ಅಂದರೆ 'ಅಳುವ' ಅಂತ ಸೇರಿಸುತ್ತಾರೆ, ಅಷ್ಟೇ. ನಿಮ್ಮ ಕಮಿಟಿಯವರಿಗೆ ಬೈಬಲಿನ 137ನೇ ಕೀರ್ತನೆ ನೆನಪಿಸಿ. ಸೆರೆಯಾಗಿ ಹೋದ ಜನ ಬಾಬೆಲಿನ, ಅಂದರೆ ಬಾಬಿಲಾನಿನ, ನದಿ ದಂಡೆಯಲ್ಲಿ ಕೂತು ಅಳುತ್ತಾರೆ, ತಮ್ಮ ಕಿನ್ನರಿಗಳನ್ನು ಅಲ್ಲಿನ ಮರಗಳಿಗೆ ತೂಗುಹಾಕುತ್ತಾರೆ. ಇದನ್ನು ನೆನೆದೇ, ಗಿಡಮರಗಳಿಗೆ ವೈಜ್ಞಾನಿಕ ಹೆಸರು ಕೊಟ್ಟ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಚೀನಾದ ಜೋತುಬೀಳುವ ವಿಲ್ಲೋ ಮರಕ್ಕೆ ಬಾಬಿಲಾನಿನ ಹೆಸರಿಟ್ಟ. ನಿಮ್ಮ ಮರಕ್ಕೂ 1767ರಲ್ಲಿ ಹೆಸರು ಕೊಟ್ಟವನು ಅವನೇ. ಅಳುವವರ ಕಿನ್ನರಿ ಹೊತ್ತ ಮರ ಅಂತ ಬೈಬಲಿನಲ್ಲೇ ಇರುವಾಗ ಸಮಾಧಿ ಪಕ್ಕ ಅದು ಇದ್ದರೆ ಕೆಟ್ಟದ್ದು ಹೇಗಾಗುತ್ತದೆ? ಇಂಗ್ಲೆಂಡಿನ ಚರ್ಚ್ ಅಂಗಳಗಳಲ್ಲಿ ಜೋತುಬಿದ್ದ ಬೀಚ್ ಮರಗಳನ್ನು ಜೋಪಾನವಾಗಿ ಕಾಪಾಡಿಕೊಳ್ಳುತ್ತಾರೆ. ಅವುಗಳ ಕೊಂಬೆ ನೆಲ ಮುಟ್ಟಿದಲ್ಲಿ ಬೇರು ಬಿಟ್ಟು, ಸುತ್ತ ಹೊಸ ಮರಗಳೇ ಏಳುತ್ತವೆ.

ಈಗ ಗೋಡೆ. ಈ ಜಾತಿಯ ಬೇರಿಗೆ ಜೋರು ಜಾಸ್ತಿ, ಅದು ನಿಜ. ಆದರೆ ಗೋಡೆ ಮತ್ತೆ ಕಟ್ಟಬಹುದು, ಮರವನ್ನು ಹಾಗೆ ಕಟ್ಟೋಕೆ ಆಗಲ್ಲ ಅಲ್ವಾ? ಬೇರು ಹಾಯುವ ಕಡೆ ಮಾತ್ರ ಗೋಡೆ ಬಿಚ್ಚಿಸಿ, ಎರಡೂ ಬದಿಗೆ ಕಂಬ ನಿಲ್ಲಿಸಿ, ಮೇಲೆ ಕಾಂಕ್ರೀಟ್ ಬೀಮ್ ಹಾಕಿಸಿ ಅದರ ಮೇಲೆ ಕಟ್ಟಿಸಿ. ಬೇರು ಅಡಿಯಿಂದ ದಾಟಿಕೊಳ್ಳುತ್ತದೆ. ಬುಡದ ಹತ್ತಿರದ ದಪ್ಪ ಬೇರು ಮುಟ್ಟಲೇಬೇಡಿ, ಅದನ್ನು ಕಡಿದರೆ ಮಳೆಗಾಲದ ಗಾಳಿಗೆ ಮರ ವಾಲಬಹುದು. ಬುಡದ ಸುತ್ತ ಸಿಮೆಂಟ್ ಹಾಕೋದೂ ಬೇಡ.

ಇನ್ನೊಂದು ಮಾತು, ನನಗೆ ಇದೇ ಹೆಚ್ಚು ಭಯ. ಕಡಿಯೋದು ಬೇಡ ಅಂತಾದ ಮೇಲೆ ಯಾರಾದರೂ 'ಹಾಗಾದ್ರೆ ಮರಗಸಿ ಮಾಡಿಸೋಣ' ಅಂತಾರೆ. ಕಾಫಿ ತೋಟದ ನೆರಳಿನ ಮರಕ್ಕೆ ಮಾಡೋ ಮರಗಸಿ, ಅಂದರೆ ಕೊಂಬೆ ಸವರೋದು, ಇದಕ್ಕೆ ಬೇಡ. ಕೆಳಗಿನ ಕೊಂಬೆಗಳನ್ನು ಬೋಳಿಸಿದರೆ ಆ ನೆಲ ಮುಟ್ಟುವ ಸೊಬಗೇ ಹೋಯಿತು. ಒಣಗಿದ ಕೊಂಬೆ ಮಾತ್ರ ತೆಗೆಸಿ, ಅದೂ ಜನವರಿ-ಫೆಬ್ರವರಿಯ ಒಣ ಹವೆಯಲ್ಲಿ. ಮಳೆಯಲ್ಲಿ ಕೊಯ್ದರೆ ಗಾಯಕ್ಕೆ ಶಿಲೀಂಧ್ರ ಹಿಡಿಯುತ್ತದೆ. ಹೋಗಿ ಬರೋ ದಾರಿಗೆ ಅಡ್ಡ ಆದರೆ ಒಂದೇ ಕಡೆ ಬಾಗಿಲಿನಷ್ಟು ಸಂದು ಬಿಡಿಸಿ ಸಾಕು. ಅಂದ ಹಾಗೆ ಇದು ತನಗೆ ತೊಂದರೆ ಆದಾಗ ಸುಮ್ನೆ ರಾಶಿ ಎಲೆ ಉದುರಿಸುತ್ತದೆ. ಆಗ ಮರ ಸತ್ತೇ ಹೋಯಿತು ಅಂತ ಕೊಡಲಿ ತರೋರಿಗೆ 'ಒಂದೆರಡು ತಿಂಗಳು ತಡೀರಿ' ಅನ್ನಿ.

ಕಾನೂನೂ ನಿಮ್ಮ ಕಡೆ ಇದೆ. ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ 1976ರಿಂದಲೇ ಇದೆ. ಚರ್ಚ್ ಜಾಗದ ಮರವಾದರೂ ಇಂಥದ್ದನ್ನು ಕಡಿಯೋಕೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಜಗಳಕ್ಕೆ ಹೋಗದೆ, ಇದನ್ನು ಮೊದಲು ಫಾದರ್ ಹತ್ತಿರ ಮೆಲ್ಲಗೆ ಹೇಳಿ.

ಆಮೇಲೆ ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಕಮಿಟಿಯವರನ್ನು ಆ ಕೊಂಬೆ ಸರಿಸಿ ಒಳಗೆ ಕರ್ಕೊಂಡು ಹೋಗಿ. ಹಣ್ಣಿನ ಕಾಲವಾದರೆ ಮೇಲೆ ಕುಟ್ರುಹಕ್ಕಿಗಳು ಇದ್ದೇ ಇರುತ್ತವೆ. ಬುಡದಿಂದ ಗೋಡೆಗೆ ಎಷ್ಟು ಅಡಿ, ಬಿರುಕು ಎಷ್ಟು ಅಗಲ ಅಂತ ಅಳೆದು ನನಗೆ ಬರೆಯಿರಿ, ಬೀಮ್ ಎಷ್ಟು ಉದ್ದ ಬೇಕಾಗಬಹುದು ಅಂತ ತಿಳಿದವರನ್ನು ಕೇಳಿ ಹೇಳುತ್ತೇನೆ.