ಮ್ಯೂಸಿಕಲ್ ನೋಡಲು ಎರಡನೇ ಸಾಲು ಯಾಕೆ ಬೇಡ

ನೀವು ಕೇಳಿರುವುದು ಇದು: ಮುಂಬೈಯ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ಅಂದರೆ ಬಿಕೆಸಿಯ ನೀತಾ ಮುಕೇಶ್ ಅಂಬಾನಿ ಕಲ್ಚರಲ್ ಸೆಂಟರಿನಲ್ಲಿ ಇಂಗ್ಲಿಷ್ ಮ್ಯೂಸಿಕಲ್ ಒಂದಕ್ಕೆ, ಅಂದರೆ ಹಾಡು ಕುಣಿತದಲ್ಲೇ ಕಥೆ ಹೇಳುವ ನಾಟಕಕ್ಕೆ, ಮೂರು ಟಿಕೆಟ್ ಬೇಕು. ನೀವು, ಮಂಡಿನೋವಿರುವ ನಿಮ್ಮ ಅಮ್ಮ, ಎಂಟು ವರ್ಷದ ಮಗಳು. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಎರಡನೇ ಸಾಲಿನಲ್ಲಿ ಮೂರು ಸೀಟು ಖಾಲಿ ಕಾಣುತ್ತಿವೆ. ದುಡ್ಡು ಹೋದರೆ ಹೋಗಲಿ, ತಗೊಂಡುಬಿಡಲಾ?

ಬೇಡ. ಆ ದುಡ್ಡಿಗೆ ಕೆಳಗಿನ ಹಂತದಲ್ಲೇ ಎಂಟರಿಂದ ಹದಿನೈದನೇ ಸಾಲಿನೊಳಗೆ, ನಡುಭಾಗದಲ್ಲಿ ಸಿಗುತ್ತದಾ ನೋಡಿ. ಸಿಗದಿದ್ದರೆ ನೇರ ಮೇಲಿನ ಹಂತಕ್ಕೆ ಹೋಗಿ, ಅಲ್ಲಿ ಎರಡನೆಯದೋ ಮೂರನೆಯದೋ ಸಾಲು ಹಿಡಿಯಿರಿ. ಕೆಳಗಿನ ಹಂತದ ಕೊನೇ ಸಾಲುಗಳಿಗೆ ಮಾತ್ರ ಕೈ ಹಾಕಬೇಡಿ, ಎಷ್ಟೇ ರಿಯಾಯಿತಿ ಕೊಟ್ಟರೂ.

ನಾನು ಮುಂಬೈಯಲ್ಲಿ ಕನ್ನಡ ನಾಟಕ ಆಡುವ ಹವ್ಯಾಸಿಗಳ ಜೊತೆ ಲೈಟು, ಸೌಂಡು ನೋಡಿಕೊಳ್ಳುವವನು. ಮಾಟುಂಗಾದ ಮೈಸೂರು ಅಸೋಸಿಯೇಷನ್ ನಮ್ಮಂಥವರ ಅಡ್ಡಾ. ಯಾವ ಥಿಯೇಟರಿಗೆ ಕಾಲಿಟ್ಟರೂ ನನ್ನ ಕಣ್ಣು ಮೊದಲು ಹುಡುಕುವುದು ಸ್ಪೀಕರ್ ಎಲ್ಲಿ ನೇತುಹಾಕಿದ್ದಾರೆ ಅನ್ನುವುದನ್ನು. ಹೆಂಡತಿಗೆ ಇದೊಂದು ಕಿರಿಕಿರಿ.

ಮುಂದೆ ಕೂತಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಕಂಪನಿ ನಾಟಕದ ಕಾಲದಲ್ಲಿ ಸರಿಯೇ ಇತ್ತು. ಟೆಂಟಿನ ನೆಲ ಸಮತಟ್ಟು. ಮುಂದಿನವನ ತಲೆ ಹಿಂದಿನವನಿಗೆ ಅಡ್ಡ. ಮೈಕು ಇದ್ದರೂ ಅಷ್ಟಕ್ಕಷ್ಟೆ. ಮಾತು ಕೇಳಬೇಕು, ಮುಖ ಕಾಣಬೇಕು ಅಂದರೆ ಮುಂದೆ ಕೂರಲೇಬೇಕಿತ್ತು. ಈಗಿನ ದೊಡ್ಡ ಮ್ಯೂಸಿಕಲ್‌ಗೆ ಆ ಲೆಕ್ಕ ಹೊಂದುವುದಿಲ್ಲ. ನೀವು ಹೋಗುವ ಸೆಂಟರಿನ ಗ್ರ್ಯಾಂಡ್ ಥಿಯೇಟರಿನಲ್ಲಿ ಸುಮಾರು 2,000 ಸೀಟುಗಳಿವೆ. ಅಷ್ಟು ಜನಕ್ಕೂ ಕಾಣುವ ಹಾಗೆ ಆಟ ಕಟ್ಟಿರುತ್ತಾರೆ.

ಎರಡನೇ ಸಾಲಿನಲ್ಲಿ ಕೂತರೆ ಏನಾಗುತ್ತದೆ ಅಂದರೆ, ಸ್ಟೇಜಿನ ನೆಲ ನಿಮ್ಮ ಕಣ್ಣಿನ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ ತುಸು ಮೇಲಕ್ಕೆ ಬರುತ್ತದೆ. ಕುಣಿಯುವವರ ಪಾದಗಳು ಸರಿಯಾಗಿ ಕಾಣುವುದಿಲ್ಲ. ಎದುರಿಗೆ ಕುಣಿಯುವ ನಾಲ್ಕು ಜನ ಕಾಣುತ್ತಾರೆ, ಅವರ ಹಿಂದಿನ ಇಪ್ಪತ್ತು ಜನ ಮರೆಯಾಗುತ್ತಾರೆ. ಮ್ಯೂಸಿಕಲ್‌ನಲ್ಲಿ ಗುಂಪು ಕುಣಿತವೇ ಅರ್ಧ ಕಥೆ ಹೇಳುತ್ತದೆ, ಅಲ್ವಾ? 2023ರ ಆಗಸ್ಟಿನಲ್ಲಿ ಇದೇ ಥಿಯೇಟರಿಗೆ ವೆಸ್ಟ್ ಸೈಡ್ ಸ್ಟೋರಿ ಬಂದಿತ್ತು. ಎರಡು ಪುಂಡರ ಗುಂಪುಗಳ ಜಗಳದ ಕಥೆ. ಯಾರು ಯಾರನ್ನು ಸುತ್ತುವರಿದರು, ಯಾರು ಹಿಂದೆ ಸರಿದರು ಅನ್ನುವುದೆಲ್ಲ ನೆಲದ ಮೇಲಿನ ಗೆರೆಗಳಲ್ಲಿ, ಸುತ್ತುಗಳಲ್ಲಿ ಇರುತ್ತದೆ. ಅದು ಎತ್ತರದಿಂದ ನೋಡಿದವರಿಗೇ ಪೂರ್ತಿ ದಕ್ಕುವುದು.

ಮುಂದಿನ ಸಾಲಿಗೂ ತನ್ನದೇ ಒಂದು ಸುಖ ಇದೆ, ಇಲ್ಲ ಅನ್ನಲಾರೆ. ನಟರ ಬೆವರು ಕಾಣುತ್ತದೆ. ಹಣೆಯ ಮೇಲೆ, ಕೂದಲು ಶುರುವಾಗುವ ಜಾಗದಲ್ಲಿ, ಅಕ್ಕಿಕಾಳಿನಷ್ಟು ಮೈಕು ಅಂಟಿಸಿರುತ್ತಾರೆ. ಚರ್ಮದ ಬಣ್ಣದ ಟೇಪು. ಅದರ ತಂತಿ ವಿಗ್ಗಿನೊಳಗೆ ನುಸುಳಿ ಬೆನ್ನ ಹಿಂದೆ ಹೋಗುತ್ತದೆ. ಹಾಡುವವಳು ಉಸಿರು ಎಳೆದುಕೊಂಡಾಗ ಕತ್ತಿನ ನರ ಉಬ್ಬುವುದು ಕಾಣುತ್ತದೆ. ಒಮ್ಮೆ ನೋಡಿದ ನಾಟಕವನ್ನೇ ಮತ್ತೆ ನೋಡಲು ಹೋಗುವವರಿಗೆ ಇದು ಹಬ್ಬ. ಮೊದಲ ಸಲ ಹೋಗುವವರು ಕತ್ತು ಎತ್ತಿಕೊಂಡು ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಸುಸ್ತಾಗುತ್ತಾರೆ.

ಇನ್ನು ಸೌಂಡು. ಮುಖ್ಯ ಸ್ಪೀಕರುಗಳು ಸ್ಟೇಜಿನ ಎರಡೂ ಬದಿಗೆ, ಮೇಲೆ ತೂಗುತ್ತಿರುತ್ತವೆ. ಅವುಗಳ ದನಿ ಮೊದಲ ಸಾಲುಗಳ ತಲೆಯ ಮೇಲಿಂದ ಹಾದು ಹೋಗುತ್ತದೆ. ಆ ಸಾಲುಗಳಿಗೆಂದೇ ಸ್ಟೇಜಿನ ಅಂಚಿನಲ್ಲಿ ಸಣ್ಣ ಸ್ಪೀಕರುಗಳನ್ನು ಜೋಡಿಸುತ್ತಾರೆ. ಅದರ ಜೊತೆಗೆ ಪಿಟ್‌ನಲ್ಲಿ, ಅಂದರೆ ಸ್ಟೇಜಿನ ಮುಂದಿನ ತಗ್ಗಿನಲ್ಲಿ, ವಾದ್ಯಗಾರರು ಕೂತಿದ್ದರೆ ಡ್ರಮ್ಮಿನ ಸದ್ದು ನೇರ ನಿಮ್ಮ ಕಿವಿಗೇ. ಹಾಡಿನ ಮಾತು ಅದರಡಿ ಮುಳುಗಿಹೋಗುವುದುಂಟು.

ಹಾಗಾದರೆ ಸೌಂಡು ಎಲ್ಲಿ ಚೆನ್ನ? ಸೌಂಡ್ ಆಪರೇಟರ್ ಕೂತಿರುವ ಕಡೆ. ಥಿಯೇಟರಿನೊಳಗೆ ಜನರ ನಡುವೆಯೇ, ಸಾಮಾನ್ಯವಾಗಿ ಕೆಳಗಿನ ಹಂತದ ಹಿಂಭಾಗದಲ್ಲಿ, ಅಗಲವಾದ ಮೇಜಿನಂಥ ಮಿಕ್ಸರ್ ಇರುತ್ತದೆ. ಪಕ್ಕದಲ್ಲಿ ಸ್ಕ್ರಿಪ್ಟು. ಆಪರೇಟರು ಬೆರಳುಗಳನ್ನು ಫೇಡರ್ ಮೇಲೆ, ಅಂದರೆ ದನಿ ಏರಿಸಿ ಇಳಿಸುವ ಜಾರುಗುಂಡಿಗಳ ಮೇಲೆ, ಇಟ್ಟುಕೊಂಡೇ ಕೂತಿರುತ್ತಾರೆ. ಒಬ್ಬ ನಟನ ಮಾತು ಶುರುವಾಗುವ ಮುಂಚೆ ಅವನ ಮೈಕು ಮೇಲೆ, ಮಾತು ಮುಗಿಯಿತೋ ಕೆಳಗೆ, ಅಷ್ಟರಲ್ಲಿ ಮುಂದಿನವಳದು ಮೇಲೆ. ಎರಡೂವರೆ ಗಂಟೆ ಪೂರ್ತಿ ಇದೇ ಕೆಲಸ. ಎಲ್ಲರ ಮೈಕನ್ನೂ ತೆರೆದಿಟ್ಟರೆ ಉಸಿರು, ಬಟ್ಟೆಯ ಸರಬರ, ಹೆಜ್ಜೆ ಸದ್ದು ಎಲ್ಲ ಸೇರಿ ಗಲೀಜಾಗುತ್ತದೆ. ಹೀಗೆ ಹದ ಮಾಡುವವರು ತಮ್ಮ ಕಿವಿಯನ್ನೇ ನಂಬಿ ಮಾಡುತ್ತಾರೆ. ಅವರಿಗೆ ಕೇಳಿದ್ದೇ ಅವರ ಮುಂದಿನ ಸಾಲುಗಳಿಗೂ ಕೇಳುತ್ತದೆ. ನಕ್ಷೆಯಲ್ಲಿ ನಡುಭಾಗದ ಹಿಂದೆ ಸೀಟುಗಳೇ ಇಲ್ಲದ ಖಾಲಿ ಚೌಕ ಕಂಡರೆ ಅದು ಬಹುಪಾಲು ಈ ಮಿಕ್ಸರಿನ ಜಾಗ. ಅದರ ಮುಂದೆ ನಾಲ್ಕೈದು ಸಾಲು ಬಿಟ್ಟು ಹುಡುಕಲು ಶುರುಮಾಡಿ.

ದೂರವಾದರೆ ಮುಖ ಕಾಣುವುದಿಲ್ಲ ಅನ್ನುವುದು ನ್ಯಾಯವಾದ ಚಿಂತೆ. ಥಿಯೇಟರ್ ಕಟ್ಟುವವರಲ್ಲಿ ಒಂದು ಹಳೆಯ ಲೆಕ್ಕ ಇದೆ: ಮುಖದ ಭಾವ ಬರಿಗಣ್ಣಿಗೆ ತಿಳಿಯುವುದು ಸುಮಾರು 20 ಮೀಟರ್‌ವರೆಗೆ. ಒಂದು ಸಾಲಿಗೆ ಹೆಚ್ಚುಕಡಿಮೆ ಒಂದು ಮೀಟರ್ ಅನ್ನಿ. ಪಿಟ್‌ಗೆ ಮೂರ್ನಾಲ್ಕು ಮೀಟರ್ ಕಳೆಯಿರಿ. ಹದಿನೈದನೇ ಸಾಲಿನ ಸುತ್ತ ಬಂದು ನಿಲ್ಲುತ್ತೀರಿ. ನಾನು ಮೇಲೆ ಹೇಳಿದ ಅಂಕಿ ಬಂದದ್ದು ಅಲ್ಲಿಂದಲೇ. ಮೇಲಿನ ಹಂತದಲ್ಲಿ ಕೂತರೆ ಮುಖ ಸ್ವಲ್ಪ ಸಣ್ಣದಾಗಿ ಕಾಣುತ್ತದೆ, ನಿಜ. ಮನೆಯಲ್ಲಿ ಸಣ್ಣ ದುರ್ಬೀನು ಇದ್ದರೆ ಜೇಬಿಗೆ ಹಾಕಿಕೊಳ್ಳಿ. ಮಗಳಿಗೆ ಆಟವೂ ಆಗುತ್ತದೆ.

ಕೆಳಗಿನ ಹಂತದ ಕೊನೇ ಸಾಲುಗಳನ್ನು ಬೇಡ ಅಂದೆನಲ್ಲ, ಅದಕ್ಕೆ ಕಾರಣ ಮೇಲಿನ ಬಾಲ್ಕನಿ. ಅದು ನಿಮ್ಮ ತಲೆಯ ಮೇಲೆ ಚಾಚಿಕೊಂಡಿರುತ್ತದೆ. ಸ್ಟೇಜಿನ ಮೇಲಿನ ಭಾಗವನ್ನು ಅಡ್ಡಡ್ಡ ಕತ್ತರಿಸಿ ತೆಗೆದುಬಿಡುತ್ತದೆ. ಮೇಲಿನ ಸ್ಪೀಕರಿನ ದನಿಯೂ ಅಲ್ಲಿಗೆ ನೇರವಾಗಿ ಇಳಿಯುವುದಿಲ್ಲ. 2025ರ ಮಾರ್ಚಿನಲ್ಲಿ ಬಿಕೆಸಿಗೆ ಫ್ಯಾಂಟಮ್ ಆಫ್ ದಿ ಒಪೆರಾ ಬಂತು. ಅದರಲ್ಲಿ ಒಂದು ದೊಡ್ಡ ತೂಗುದೀಪ ಇದೆ. ಶುರುವಿನಲ್ಲೇ ಮೇಲಕ್ಕೆ ಏರುತ್ತದೆ, ಮೊದಲರ್ಧದ ಕೊನೆಗೆ ಕೆಳಗೆ ಬೀಳುತ್ತದೆ. ಜನ ದುಡ್ಡು ಕೊಟ್ಟು ಹೋಗುವುದೇ ಅದನ್ನು ನೋಡಲು. ಬಾಲ್ಕನಿ ಅಡಿ ಕೂತವರಿಗೆ ಆ ದೀಪ ಏರುತ್ತಾ ಏರುತ್ತಾ ಮಾಡಿನೊಳಗೆ ಮಾಯ. ಸೀಟಿನ ನಕ್ಷೆ ಇದನ್ನು ಹೇಳುವುದಿಲ್ಲ, ಅದು ಚಪ್ಪಟೆ ಚಿತ್ರ. ಬಾಲ್ಕನಿಯ ಅಂಚು ಕೆಳಗಿನ ಯಾವ ಸಾಲಿನ ಮೇಲೆ ಬರುತ್ತದೆ ಅಂತ ಬಾಕ್ಸ್ ಆಫೀಸಿಗೆ ಫೋನ್ ಮಾಡಿ ಕೇಳಿ. ಸಂಕೋಚ ಬೇಡ, ಇಷ್ಟು ದುಡ್ಡು ಕೊಡುತ್ತಿದ್ದೀರಿ.

ಪಕ್ಕದ ಸೀಟುಗಳ ವಿಷಯ ಸುಲಭ. ನಕ್ಷೆಯಲ್ಲಿ ಸ್ಟೇಜಿನ ಎರಡು ತುದಿಗಳಿಂದ ಹಿಂದಕ್ಕೆ ನೇರ ಗೆರೆ ಎಳೆದುಕೊಳ್ಳಿ. ಗೆರೆಯ ಒಳಗಿದ್ದರೆ ಸರಿ, ಹೊರಗಿದ್ದರೆ ಆ ಕಡೆಯ ಮೂಲೆಯಲ್ಲಿ ನಡೆಯುವುದು ನಿಮಗಿಲ್ಲ. ಪಕ್ಕದ ಗೋಡೆಗೆ ಅಂಟಿಕೊಂಡ ಸಣ್ಣ ಕೋಣೆಗಳಂಥ ಬಾಕ್ಸ್ ಸೀಟುಗಳೂ ಹಾಗೇ. ಬಿಕೆಸಿಯಲ್ಲಿ ಹದಿನೆಂಟು ಬಾಕ್ಸುಗಳಿವೆ, ಚರ್ನಿ ರೋಡಿನ ರಾಯಲ್ ಒಪೆರಾ ಹೌಸಿನಲ್ಲೂ ಇವೆ. ಯೂರೋಪಿನಲ್ಲಿ ಶ್ರೀಮಂತರು ಇಂಥ ಬಾಕ್ಸು ಹಿಡಿಯುತ್ತಿದ್ದದ್ದು ನಾಟಕ ನೋಡಲು ಮಾತ್ರ ಅಲ್ಲ, ಬೇರೆಯವರ ಕಣ್ಣಿಗೆ ಬೀಳಲೂ. ನಮಗ್ಯಾಕೆ, ಸುಮ್ನೆ.

ಅಂದಹಾಗೆ ಈ ಗೆರೆಯ ಲೆಕ್ಕ ನರಿಮನ್ ಪಾಯಿಂಟಿನ ಎನ್‌ಸಿಪಿಎ ಅನ್ನುವ ಕಲಾಕೇಂದ್ರದ ಟಾಟಾ ಥಿಯೇಟರಿಗೆ ಹೊಂದುವುದಿಲ್ಲ. 1980ರಲ್ಲಿ ಶುರುವಾದ ಆ ಥಿಯೇಟರಿನಲ್ಲಿ ಸೀಟುಗಳು ಬೀಸಣಿಗೆಯಂತೆ ಸ್ಟೇಜನ್ನು ಸುತ್ತಿಕೊಂಡಿವೆ. ಮೈಕೇ ಇಲ್ಲದೆ ಕೇಳುವ ಹಾಗೆ ಕಟ್ಟಿದ್ದು. ಅಲ್ಲಿ ಪಕ್ಕದಲ್ಲಿ ಕೂತರೂ ನಷ್ಟವಿಲ್ಲ. ಹಾಗೆಯೇ ಪುಣೆಯಲ್ಲಿ ಮರಾಠಿ ಸಂಗೀತ ನಾಟಕಕ್ಕೆ ಹೋದರೆ ನನ್ನ ಸಲಹೆ ಪೂರ್ತಿ ಉಲ್ಟಾ: ಆರ್ಗನ್, ತಬಲಾ ಯಾವ ಕಡೆ ಇವೆ ನೋಡಿ, ಮುಂದೆಯೇ ಕೂತುಬಿಡಿ. ನಟನ ಕಣ್ಣು ತಬಲಾದವನ ಕಡೆ ಹೊರಳುವುದು, ಒಂದು ತಾನ್, ಅಂದರೆ ಸ್ವರಗಳ ಓಟ, ಎಳೆದು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದಾಗಿನ ನಗು, ಇದೆಲ್ಲ ಹತ್ತಿರದ ಆಟ. 1880ರಲ್ಲಿ ಪುಣೆಯಲ್ಲಿ ಶಾಕುಂತಲ ಆಡಿಸಿ ಆ ಪರಂಪರೆಗೆ ದಾರಿ ಮಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಹೇಳದಿರಲು ಮನಸ್ಸು ಬರಲಿಲ್ಲ!

ಈಗ ನಿಮ್ಮ ಮನೆಯವರ ವಿಷಯ. ಅಮ್ಮನಿಗೆ ಇಂಗ್ಲಿಷ್ ಬರದಿರುವುದರಿಂದಲೇ ಅವರಿಗೆ ಇಡೀ ಸ್ಟೇಜು ಕಾಣುವ ಸೀಟು ಬೇಕು ಅನ್ನುತ್ತೇನೆ. ಮಾತು ತಿಳಿಯದಿದ್ದರೂ ಬೆಳಕು, ಸೆಟ್ಟು, ಯಾರು ಯಾರ ಹತ್ತಿರ ಬಂದರು ಅನ್ನುವುದರಿಂದ ಕಥೆ ತಿಳಿಯುತ್ತದೆ. ಯಕ್ಷಗಾನ, ಬಯಲಾಟ ನೋಡಿ ಬೆಳೆದವರಾದರೆ ನಿಮಗಿಂತ ಬೇಗ ಹಿಡಿಯುತ್ತಾರೆ. ಹೋಗುವ ದಾರಿಯಲ್ಲಿ ಕಥೆಯನ್ನು ಒಮ್ಮೆ ಹೇಳಿಬಿಡಿ. ನಡುವೆ ಪಿಸುಗುಟ್ಟುತ್ತಾ ಕೂತರೆ ಅಕ್ಕಪಕ್ಕದವರು ಮುಖ ಸಿಂಡರಿಸುತ್ತಾರೆ.

ಅವರನ್ನು ಹಾದಿ ಪಕ್ಕದ ಸೀಟಿನಲ್ಲಿ ಕೂರಿಸಿ. ಕಾಲು ಚಾಚಬಹುದು, ಇಂಟರ್ವಲ್ಲಿನಲ್ಲಿ ಟಾಯ್ಲೆಟ್ ಸಾಲು ಉದ್ದವಾಗುವ ಮೊದಲೇ ಎದ್ದು ಹೋಗಬಹುದು. ಮೇಲಿನ ಹಂತ ತಗೊಂಡರೆ ಲಿಫ್ಟಿನಿಂದ ಇಳಿದ ಮೇಲೆ ಒಳಗೆ ಎಷ್ಟು ಮೆಟ್ಟಿಲು ಅನ್ನುವುದನ್ನೂ ಅದೇ ಫೋನಿನಲ್ಲಿ ಕೇಳಿಕೊಳ್ಳಿ. ಬಾಗಿಲು ಹಿಂದಿದ್ದು ಸೀಟು ಮುಂದಿದ್ದರೆ ಕತ್ತಲಲ್ಲಿ ಕಡಿದಾದ ಮೆಟ್ಟಿಲು ಇಳಿಯಬೇಕಾಗುತ್ತದೆ. ಒಂದು ಶಾಲು ಇರಲಿ, ಎಸಿ ಜೋರಾಗಿರುತ್ತದೆ.

ಮಗಳ ವಿಷಯಕ್ಕೆ, ಮೇಲಿನ ಹಂತದ ಮೊದಲ ಸಾಲು ಬಿಟ್ಟು ಎರಡು, ಮೂರು ಅಂದದ್ದು ಅವಳಿಗಾಗಿಯೇ. ಬಾಲ್ಕನಿ ಅಂಚಿನ ಕಂಬಿ ದೊಡ್ಡವರಿಗೆ ಎದೆಮಟ್ಟಕ್ಕೆ ಬಂದರೆ ಎಂಟು ವರ್ಷದ ಮಗುವಿಗೆ ಸರಿಯಾಗಿ ಕಣ್ಣಿಗೆ ಅಡ್ಡ. ಮುಂದಕ್ಕೆ ಬಾಗಿ ನೋಡು ಅನ್ನುವ ಹಾಗೂ ಇಲ್ಲ, ಬಾಗಿದರೆ ಹಿಂದಿನವರಿಗೆ ಕಾಣುವುದಿಲ್ಲ. ಮಕ್ಕಳ ವಯಸ್ಸಿನ ನಿಯಮ ನಾಟಕದಿಂದ ನಾಟಕಕ್ಕೆ ಬೇರೆ, ಬುಕ್ ಮಾಡುವ ಪುಟದಲ್ಲೇ ನೋಡಿಕೊಳ್ಳಿ.

ಮೂರು ಸೀಟು ಒಟ್ಟಿಗೆ ನಡುಭಾಗದಲ್ಲಿ ಸಿಗದಿದ್ದರೆ ಎರಡು ಮತ್ತು ಒಂದು ಅಂತ ಬೇರೆ ಮಾಡಿ ನೋಡಿ. ಬಿಡಿ ಸೀಟುಗಳು ಒಳ್ಳೆಯ ಸಾಲಿನಲ್ಲೇ ಉಳಿದಿರುತ್ತವೆ, ಯಾಕೆಂದರೆ ಒಬ್ಬರೇ ನಾಟಕಕ್ಕೆ ಹೋಗುವವರು ಕಡಿಮೆ. ಅಜ್ಜಿ ಮೊಮ್ಮಗಳನ್ನು ಜೊತೆಗೆ ಕೂರಿಸಿ, ನೀವು ಹಿಂದಿನ ಸಾಲಿನಲ್ಲಿ ಆರಾಮಾಗಿ ನೋಡಿ. ಹಾಗೂ ಸಿಗದಿದ್ದರೆ ಶನಿವಾರ, ಭಾನುವಾರ ಬಿಟ್ಟು ವಾರದ ನಡುವಿನ ದಿನ ಹುಡುಕಿ. ಸಂಜೆ ಹೊತ್ತಿನಲ್ಲಿ ಬಿಕೆಸಿ ರಸ್ತೆಯನ್ನು ನಂಬಿ ಕಾರಿನಲ್ಲಿ ಮಾತ್ರ ಹೊರಡಬೇಡಿ, ಮೆಟ್ರೋ ಮೂರನೇ ಲೈನಿಗೆ ಅಲ್ಲೇ ಸ್ಟೇಷನ್ ಇದೆ.