ಮೊದಲ ಸಲ ಬೈಕ್ ತೊಳೀತೀರಾ? ಪಾಲಿಶ್ ಆಮೇಲೆ, ಮೊದಲು ಬ್ರೇಕ್ ಡಿಸ್ಕ್ ಕಡೆ ನೋಡಿ

ಹೊಸ ಬೈಕು, ದಿನಾ ಬಳ್ಳಾರಿಯಿಂದ ತೋರಣಗಲ್ಲಿಗೆ ಓಡಾಟ, ಮೈತುಂಬಾ ಕೆಂಪು ಧೂಳು. ಮನೆಯಲ್ಲೇ ತೊಳೆದು ಮಿಂಚಿಸೋಕೆ ಯಾವ ಪಾಲಿಶ್ ಒಳ್ಳೆಯದು, ಪ್ರೆಶರ್ ಪಂಪ್ ಬೇಕಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ನನ್ನ ಮೊದಲ ಬೈಕಿನ ಆಯುಧಪೂಜೆ ನೆನಪಾಯಿತು.

ನನ್ನದೂ ಅದೇ ರಸ್ತೆ. ಅದಿರು ಲಾರಿಗಳ ಹಿಂದೆ ಓಡಾಡಿ ಕಪ್ಪು ಟ್ಯಾಂಕು ಕಾವಿ ಬಣ್ಣಕ್ಕೆ ತಿರುಗಿತ್ತು. ಹಬ್ಬದ ಹಿಂದಿನ ಸಂಜೆ ಅಂಗಳದಲ್ಲಿ ಕೂತು ಎರಡು ತಾಸು ತೊಳೆದೆ. ಅಷ್ಟಕ್ಕೇ ಬಿಡಬೇಕಿತ್ತು. ಕಾರಿನ ಡ್ಯಾಶ್‌ಬೋರ್ಡಿಗೆ ಹೊಡೆಯುವ ಸಿಲಿಕಾನ್ ಸ್ಪ್ರೇ ಒಂದು ಮನೆಯಲ್ಲಿತ್ತು. ಟ್ಯಾಂಕಿಗೆ ಹೊಡೆದೆ, ಫಳಫಳ ಹೊಳೆಯಿತು. ಆಸೆ ಜಾಸ್ತಿಯಾಗಿ ಮುಂದಿನ ಅಲಾಯ್ ವೀಲಿಗೂ ಹೊಡೆದೆ.

ಮರುದಿನ ಪೂಜೆ ಆಯಿತು. ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗಿನ ನಿಂಬೆಹಣ್ಣು ತುಳಿಸಿ, ತಂಗಿಯನ್ನು ಹಿಂದೆ ಕೂರಿಸಿಕೊಂಡು ದುರ್ಗಮ್ಮನ ಗುಡಿಗೆ ಹೊರಟೆ. ಅಂಡರ್‌ಬ್ರಿಡ್ಜಿನ ಇಳಿಜಾರಿನಲ್ಲಿ ಮುಂದಿದ್ದ ಆಟೋ ನಿಂತಿತು. ಬ್ರೇಕ್ ಹಿಡಿದೆ. ಲಿವರ್ ಎಂದಿನಂತೆ ಗಟ್ಟಿಯಾಗೇ ಇತ್ತು, ಬೈಕು ಮಾತ್ರ ನಿಲ್ಲಲಿಲ್ಲ. ಆಟೋಗೆ ತಾಗಿ ಇಬ್ಬರೂ ಬಿದ್ದೆವು. ತಂಗಿಯ ಮೊಣಕೈಗೆ ಆರು ಹೊಲಿಗೆ ಬಿತ್ತು.

ಮೆಕ್ಯಾನಿಕ್ ಬಿಳಿ ಬಟ್ಟೆಯಿಂದ ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆಯನ್ನು ಒರೆಸಿ ಆ ಬಟ್ಟೆ ನನ್ನ ಮುಂದೆ ಹಿಡಿದ. ಜಿಡ್ಡಿನ ಕಲೆ. "ಅಣ್ಣಾ, ಬ್ರೇಕಿಗೆ ಎಣ್ಣಿ ಕುಡಿಸೀರಲ್ರೀ" ಅಂದ.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕಂದರೆ ನಾನು ಡಿಸ್ಕಿಗೆ ಗುರಿಯಿಟ್ಟು ಹೊಡೆದಿರಲಿಲ್ಲ. ವೀಲಿಗೆ ಹೊಡೆದಾಗ ಹಾರಿದ ಸಣ್ಣ ಹನಿಗಳೇ ಹೋಗಿ ಡಿಸ್ಕ್ ಮೇಲೆ ಕೂತಿದ್ದವು. ಕಣ್ಣಿಗೆ ಕಾಣಲ್ಲ, ಸ್ಟೀಲ್ ಹೇಗಿದ್ದರೂ ಹೊಳೆಯುತ್ತೆ ಅಲ್ವಾ. ಬ್ರೇಕ್ ಹಿಡಿದಾಗ ಡಿಸ್ಕನ್ನು ಎರಡೂ ಕಡೆಯಿಂದ ಒತ್ತೋದು ಪ್ಯಾಡ್. ಬೈಕ್ ನಿಲ್ಲಿಸೋದು ಈ ಪ್ಯಾಡ್ ಮತ್ತು ಡಿಸ್ಕಿನ ತಿಕ್ಕಾಟ. ನಡುವೆ ಜಿಡ್ಡು ಬಂದರೆ ಎಷ್ಟು ಒತ್ತಿದರೂ ಜಾರುತ್ತೆ. ಪ್ಯಾಡಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಅದು ಜಿಡ್ಡನ್ನು ಹೀರಿಕೊಳ್ಳುತ್ತೆ. ಆಮೇಲೆ ಸೋಪು ನೀರು ಹಾಕಿದರೂ ಹೋಗಲ್ಲ. ಡಿಸ್ಕನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಬಹುದು, ಪ್ಯಾಡ್ ಬದಲಾಯಿಸಲೇಬೇಕು. ನಾನೂ ಬದಲಾಯಿಸಿದೆ. ಟೈರಿನ ನೆಲ ಮುಟ್ಟುವ ಭಾಗಕ್ಕೂ ಇದೇ ಮಾತು. ಅಲ್ಲಿ ಹೊಳಪು ಬಂದರೆ ತಿರುವಿನಲ್ಲಿ ಬೀಳುತ್ತೀರಿ.

ಅದಕ್ಕೇ ಯಾವ ಪಾಲಿಶ್ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಹೊಸ ಬೈಕಿಗೆ ಪಾಲಿಶ್ ಯಾಕೆ ಬೇಕು? ಪೇಂಟ್ ಹೊಸದೇ ಇದೆ. ಬೇಕೇ ಬೇಕು ಅನಿಸಿದರೆ ವ್ಯಾಕ್ಸನ್ನು ಬಟ್ಟೆಗೆ ಹಚ್ಚಿಕೊಂಡು ಟ್ಯಾಂಕಿಗೆ ಮಾತ್ರ ಉಜ್ಜಿ. ವೀಲ್ ಹತ್ತಿರ ಯಾವ ಸ್ಪ್ರೇನೂ ಬೇಡ. ಸೀಟಿಗೂ ಬೇಡ, ಕೂತವರು ಜಾರುತ್ತಾರೆ.

ಪ್ರೆಶರ್ ಪಂಪೂ ಬೇಡ. ಜೋರು ನೀರು ವೀಲ್ ಬೇರಿಂಗಿನ ಗ್ರೀಸ್ ತೆಗೆಯುತ್ತೆ, ವೈರಿಂಗ್ ಒಳಗೂ ನುಗ್ಗುತ್ತೆ. ಎರಡು ಬಕೆಟ್, ಒಂದು ಮಗ್, ಬೈಕ್ ಶಾಂಪೂ ಸಾಕು. ಅದಿರು ಧೂಳನ್ನು ಒಣ ಬಟ್ಟೆಯಲ್ಲಿ ಯಾವತ್ತೂ ಒರೆಸಬೇಡಿ, ಅದು ಮರಳು ಕಾಗದದಂತೆ ಗೀರುತ್ತೆ. ಮೊದಲು ಧಾರಾಳವಾಗಿ ನೀರು ಸುರಿದು ಧೂಳು ಇಳಿಸಿ, ಆಮೇಲೆ ಬಟ್ಟೆ ಮುಟ್ಟಿಸಿ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ನೆರಳಿನಲ್ಲಿ ತೊಳೆಯಿರಿ. ಬೋರ್ ನೀರಾದರೆ ತಕ್ಷಣ ಒರೆಸಿ, ಇಲ್ಲದಿದ್ದರೆ ಬಿಳಿ ಕಲೆ ನಿಲ್ಲುತ್ತೆ.

ಚೈನ್ ಸ್ವಚ್ಛ ಮಾಡುವಾಗ ಇಂಜಿನ್ ಬಂದ್ ಇರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಚಕ್ರ ಕೈಯಲ್ಲೇ ತಿರುಗಿಸಿ. ಇಂಜಿನ್ ಓಡಿಸಿ ಚೈನಿಗೆ ಬಟ್ಟೆ ಹಿಡಿಯುವವರನ್ನು ನೋಡಿದ್ದೇನೆ. ಬಟ್ಟೆ ಸಿಕ್ಕಿಕೊಂಡರೆ ಬೆರಳೂ ಹೋಗುತ್ತೆ. ಚೈನಿಗೆ ಎಣ್ಣೆ ಹಾಕುವ ಮುಂಚೆ ಹಿಂದಿನ ಡಿಸ್ಕಿಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿ. ನಾನು ಈಗಲೂ ಕಟ್ಟುತ್ತೇನೆ.

ಎಲ್ಲಾ ಮುಗಿದ ಮೇಲೆ ಸೀದಾ ರಸ್ತೆಗೆ ಹೋಗಬೇಡಿ. ಡಿಸ್ಕ್ ಒದ್ದೆ ಇದ್ದಾಗಲೂ ಹಿಡಿತ ಕಡಿಮೆ ಇರುತ್ತೆ. ಮನೆ ಮುಂದಿನ ಓಣಿಯಲ್ಲೇ ನಿಧಾನವಾಗಿ ಎರಡು ಸುತ್ತು ಹಾಕಿ, ಏಳೆಂಟು ಸಲ ಬ್ರೇಕ್ ಹಿಡಿದು ಬಿಡಿ. ಆಗ ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ.