ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಅಂಡಮಾನ್‌ಗೆ: ಹಳೇ ಪ್ಲಾನ್ ನಡೆಯುತ್ತಾ?

ಮಕ್ಕಳು ಚಿಕ್ಕವರಿದ್ದಾಗ ಒಮ್ಮೆ ಅಂಡಮಾನ್ ನೋಡಿದ್ದೀರಿ. ಈಗ ಅವರಿಗೆ 13 ಮತ್ತು 16. ಮತ್ತೆ ಹೋಗಬೇಕು, ಹಳೇ ಪ್ಲಾನನ್ನೇ ಇಟ್ಟುಕೊಳ್ಳಬಹುದಾ, ಶಿವಮೊಗ್ಗದಿಂದ ಯಾವಾಗ ಹೊರಟರೆ ಒಳ್ಳೇದು ಅಂತ ಕೇಳಿದ್ದೀರಿ. ನಮ್ಮ ಮನೆ ಕತೆಯೂ ಹೆಚ್ಚುಕಮ್ಮಿ ಇದೇ. ನಾವು ಸಾಗರದ ಹತ್ತಿರದ ಹಳ್ಳಿಯವರು, ಅಡಿಕೆ ತೋಟ ಇದೆ. ಮೊದಲ ಸಲ ಹೋಗಿದ್ದು 2016ರ ಜನವರಿಯಲ್ಲಿ. ಆಗ ಮಗಳಿಗೆ ಏಳು, ಮಗನಿಗೆ ಮೂರು. ಎರಡನೇ ಸಲ 2025ರ ಏಪ್ರಿಲ್ ಕೊನೆಗೆ, ಮಗಳ ಎಸ್ಎಸ್ಎಲ್‌ಸಿ ಮುಗಿದ ಮೇಲೆ.

ಹಳೇ ಪ್ಲಾನ್ ಬಿಟ್ಟುಬಿಡಿ. ನಾನು ಮಾಡಿದ ತಪ್ಪು ಅದೇ. ಹಳೇ ಆಲ್ಬಮ್ ನೋಡಿ ನೋಡಿ, ಹ್ಯಾವ್‌ಲಾಕ್ ದ್ವೀಪದ ರಾಧಾನಗರ ಬೀಚಿನಲ್ಲಿ ಅದೇ ಜಾಗದಲ್ಲಿ ನಿಲ್ಲಿಸಿ ಫೋಟೋ ತೆಗೀಬೇಕು ಅಂತ ಆಸೆ ಇಟ್ಟುಕೊಂಡಿದ್ದೆ. ನಿಲ್ಲಿಸಿದೆ. ಮಗಳು ಸುತ್ತ ನೋಡಿ, "ಅಮ್ಮಾ, ನಂಗೆ ಇದು ಒಂಚೂರೂ ನೆನಪಿಲ್ಲ" ಅಂದಳು. ಮತ್ತೇನು ನೆನಪಿದೆ ಅಂತ ಕೇಳಿದರೆ ಎರಡೇ ವಿಷಯ. ಹಡಗಿನಲ್ಲಿ ತಮ್ಮ ವಾಂತಿ ಮಾಡಿದ್ದು, ಮತ್ತೆ ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ಅವಳ ಚೀಲದಿಂದ ಚಿಪ್ಪು, ಹವಳದ ತುಂಡು ಎಲ್ಲ ತೆಗೆದಿಟ್ಟುಕೊಂಡಿದ್ದು. (ಅಲ್ಲಿಂದ ಹಾಗೆ ತರುವ ಹಾಗಿಲ್ಲ. ನಮಗೆ ಗೊತ್ತಿರಲಿಲ್ಲ, ಅವಳು ಬೆಂಗಳೂರಿನ ತನಕ ಅತ್ತಿದ್ದಳು.) ಮಗನಿಗಂತೂ ಏನೇನೂ ನೆನಪಿಲ್ಲ. ಅಂದರೆ ಎರಡನೇ ಸಲ ಹೋಗುತ್ತಿರುವವರು ನೀವು ಗಂಡ ಹೆಂಡತಿ ಮಾತ್ರ. ಮಕ್ಕಳಿಗೆ ಇದು ಮೊದಲನೇ ಸಲವೇ. ಹಾಗಂದುಕೊಂಡು ಪ್ಲಾನ್ ಮಾಡಿ.

ಬರೀ ಮರಳು, ಅಲೆ ಬೇಕು ಅಂದರೆ ಅಷ್ಟು ದೂರ ಹೋಗೋದೇ ಬೇಡ. ರಾಧಾನಗರಕ್ಕೆ ಬ್ಲೂ ಫ್ಲ್ಯಾಗ್ (ಸ್ವಚ್ಛ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದ 2020ರಲ್ಲೇ ನಮ್ಮ ಹೊನ್ನಾವರದ ಕಾಸರಕೋಡಿಗೂ ಸಿಕ್ಕಿದೆ. ಜೋಗ ದಾಟಿ ಗೇರುಸೊಪ್ಪೆ ಘಾಟಿ ಇಳಿದರೆ ಆಯ್ತು. ಅಂಡಮಾನ್‌ನಲ್ಲಿ ನೋಡಬೇಕಾದ್ದು ನೀರಿನ ಒಳಗಿದೆ. ಚಿಕ್ಕ ಮಕ್ಕಳಿದ್ದಾಗ ಅದು ಆಗಿರಲಿಲ್ಲ, ಈಗ ಆಗುತ್ತೆ.

ಮೊದಲು ದಿನಾಂಕದ ಮಾತು. ಜನವರಿಯಲ್ಲಿ ಹವೆ ಚೆನ್ನಾಗಿರುತ್ತೆ, ನಿಜ. ಆದರೆ ಆಗ ನಮ್ಮ ಕಡೆ ಅಡಿಕೆಗೊನೆ ಕೊಯ್ಲು. 2016ರಲ್ಲಿ ನಮ್ಮವರು ಬೀಚಿನಲ್ಲಿ ಕೂತು ಅರ್ಧ ದಿನ ಫೋನ್ ಸಿಗ್ನಲ್ ಹುಡುಕಿದ್ದೇ ಆಯ್ತು, ಅಂಗಳದಲ್ಲಿ ಅಡಿಕೆ ಒಣಗಿತಾ ಅಂತ ಕೇಳೋಕೆ. ನಿಮಗೆ ತೋಟ ಇಲ್ಲದಿದ್ದರೂ ಶಾಲೆ ರಜೆ ನೋಡಬೇಕಲ್ಲ. ಏಪ್ರಿಲ್ ಎರಡನೇ ವಾರದಿಂದ ಮೇ ಮೊದಲ ವಾರದ ಒಳಗೆ ಮುಗಿಸಿ. ಮುಂಗಾರು ಕೇರಳಕ್ಕಿಂತ ಮೊದಲು ಅಂಡಮಾನ್ ಮುಟ್ಟುತ್ತೆ, ಮೇ ಮೂರನೇ ವಾರದ ಹೊತ್ತಿಗೆ ಅಲ್ಲಿ ಮಳೆ ಶುರು. ಆಮೇಲೆ ಸಮುದ್ರ ಕದಡುತ್ತೆ, ಹಡಗು ರದ್ದಾಗುತ್ತೆ. ಏಪ್ರಿಲ್‌ನಲ್ಲಿ ಸೆಕೆ ಇದೆ, ಬೆವರು ಇದೆ, ಆದರೆ ನೀರು ತಿಳಿಯಾಗಿರುತ್ತೆ. ನಿಮ್ಮ ದೊಡ್ಡವರಿಗೆ 16 ಅಂದಿರಿ. ಈ ವರ್ಷ ಬಿಟ್ಟರೆ ಮುಂದೆ ಸಿಇಟಿ, ನೀಟ್ ಅಂತ ಏಪ್ರಿಲ್, ಮೇ ಎರಡೂ ಕೈಬಿಟ್ಟ ಹಾಗೆ.

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ನೇರ ವಿಮಾನ ಇಲ್ಲ, ಬೆಂಗಳೂರೇ ಗತಿ. ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳಿ. ಮೊದಲ ಸಲ ನಾವು ರಾತ್ರಿ ಬಸ್ಸಿನಲ್ಲಿ ಹೊರಟು, ತಿಪಟೂರಿನ ಹತ್ತಿರ ಟೈರ್ ಪಂಕ್ಚರ್ ಆಗಿ, ದೇವನಹಳ್ಳಿಗೆ ಮಕ್ಕಳನ್ನು ಎತ್ತಿಕೊಂಡು ಓಡಿದ್ದೆವು. ಈ ಸಲ ನೆಂಟರ ಮನೆಯಲ್ಲಿ ಊಟ ಮಾಡಿ, ಮಲಗಿ, ಬೆಳಿಗ್ಗೆ ನಿಧಾನಕ್ಕೆ ಹೋದೆವು.

ಹೆಸರುಗಳ ಗೊಂದಲವೂ ಇದೆ. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ, ಇವು 2018ರಲ್ಲೇ ಬದಲಾದವು. 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯ್ತು. ಒಂದು ಕಡೆ ಹಳೇ ಹೆಸರು, ಇನ್ನೊಂದು ಕಡೆ ಹೊಸದು. ಬುಕ್ ಮಾಡುವಾಗ ಗಾಬರಿ ಆಗಬೇಡಿ.

ಮೊದಲ ಸಲ ಪ್ಯಾಕೇಜ್‌ನಲ್ಲಿ ಐದು ರಾತ್ರಿಗೆ ಮೂರು ದ್ವೀಪ ಸುತ್ತಿಸಿದ್ದರು. ದಿನಾ ಬ್ಯಾಗ್ ಕಟ್ಟೋದು, ಜೆಟ್ಟಿಗೆ ಓಡೋದು. ಈ ಸಲ ಎಂಟು ರಾತ್ರಿ ಇದ್ದೆವು: ಪೋರ್ಟ್ ಬ್ಲೇರ್ ಒಂದು, ಹ್ಯಾವ್‌ಲಾಕ್ ನಾಲ್ಕು, ನೀಲ್ ಎರಡು, ಕೊನೆಗೆ ಮತ್ತೆ ಪೋರ್ಟ್ ಬ್ಲೇರ್ ಒಂದು. ಕೊನೇ ರಾತ್ರಿಯನ್ನು ಉಳಿಸೋಕೆ ಹೋಗಬೇಡಿ. ಗಾಳಿ ಬಂದು ಹಡಗು ನಿಂತರೆ ವಿಮಾನ ಕಾಯೋದಿಲ್ಲ.

ಆಗುಂಬೆ ಘಾಟಿಯಲ್ಲಿ ಎಷ್ಟು ತಿರುಗಿದರೂ ಏನೂ ಆಗದ ನನ್ನ ಮಗ ಈ ಸಲವೂ ಹಡಗಿನಲ್ಲಿ ಬೆಳ್ಳಗಾದ. ಹಡಗಿನ ನಡುಭಾಗದಲ್ಲಿ, ಕೆಳಗಿನ ಸೀಟು ಕೇಳಿ ತಗೊಳ್ಳಿ. ಹೊಟ್ಟೆ ಖಾಲಿ ಇರಬಾರದು, ತುಂಬಾ ತುಂಬಿಯೂ ಇರಬಾರದು. ವಾಂತಿ ಮಾತ್ರೆ ಮೊದಲೇ ಡಾಕ್ಟರನ್ನು ಕೇಳಿ ಇಟ್ಟುಕೊಳ್ಳಿ. ಆದರೆ ಅದರಿಂದ ನಿದ್ದೆ ಬರುತ್ತೆ, ಡೈವಿಂಗ್ (ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯೋದು) ದಿನ ಬೇಕೋ ಬೇಡವೋ ಅಂತ ಅಲ್ಲಿಯವರನ್ನೇ ಕೇಳಬೇಕು.

ಇನ್ನು ಡೈವಿಂಗ್. ನಿಮ್ಮ ಇಬ್ಬರು ಮಕ್ಕಳೂ ಮಾಡಬಹುದು, ಹತ್ತು ತುಂಬಿದವರಿಗೆ ಟ್ರೈ ಡೈವ್, ಅಂದರೆ ಮೊದಲ ಸಲದವರ ಡೈವ್ ಇದೆ. ತರಬೇತುದಾರ ಜೊತೆಗೇ ಇರುತ್ತಾನೆ, 12 ಮೀಟರ್‌ಗಿಂತ ಕೆಳಗೆ ಇಳಿಸೋದಿಲ್ಲ. ನಾವು ಒಬ್ಬರಿಗೆ ಐದು ಸಾವಿರದ ಹತ್ತಿರ ಕೊಟ್ಟೆವು. ಆರೋಗ್ಯದ ಬಗ್ಗೆ ಒಂದು ಫಾರಂ ತುಂಬಿಸುತ್ತಾರೆ. ಉಬ್ಬಸ, ಕಿವಿ ತೊಂದರೆ ಇದ್ದರೆ ಮುಚ್ಚಿಡಬೇಡಿ, ಊರಿನಲ್ಲೇ ಡಾಕ್ಟರಿಗೆ ತೋರಿಸಿ ಹೋಗಿ. ನೆಗಡಿ ಇದ್ದರಂತೂ ಆಗೋದೇ ಇಲ್ಲ. ಕೆಳಗಿಳಿದ ಹಾಗೆ ನೀರು ಕಿವಿಯನ್ನು ಒತ್ತುತ್ತೆ, ಮೂಗು ಹಿಡಿದು ಮೆಲ್ಲಗೆ ಊದಿ ಸರಿಮಾಡಿಕೊಳ್ಳಬೇಕು. ಮೂಗು ಕಟ್ಟಿದ್ದರೆ ಅದು ನಡೆಯೋದಿಲ್ಲ. ನಮ್ಮ ಮಗನಿಗೆ ಮೊದಲ ದಿನ ನೆಗಡಿ. ಎಷ್ಟು ಬೇಡಿಕೊಂಡರೂ ಡೈವಿಂಗ್ ಹುಡುಗರು ಇಳಿಸಲಿಲ್ಲ. ಅಕ್ಕ ನೀರಿನಿಂದ ಎದ್ದು ಬಂದು ಆಮೆ ನೋಡಿದೆ ಅಂದಾಗ ಇವನ ಮುಖ ನೋಡಬೇಕಿತ್ತು. ಒಂದೇ ಊರಿನಲ್ಲಿ ನಾಲ್ಕು ರಾತ್ರಿ ಇದ್ದಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಮೂರನೇ ದಿನ ಅವನೂ ಇಳಿದ.

ಇಳಿದವನು ಎರಡೇ ನಿಮಿಷಕ್ಕೆ ಮೇಲೆ ಬಂದ. ಆಗಿದ್ದಿಷ್ಟು: ಕೆಳಗೆ ತರಬೇತುದಾರ ಸನ್ನೆ ಮಾಡಿ, ಚೆನ್ನಾಗಿದ್ದೀಯಾ ಅಂತ ಕೇಳಿದ್ದಾನೆ. ಇವನು ಖುಷಿಯಲ್ಲಿ ಹೆಬ್ಬೆಟ್ಟು ಎತ್ತಿ ತೋರಿಸಿದ್ದಾನೆ. ನೀರಿನೊಳಗೆ ಹೆಬ್ಬೆಟ್ಟು ಎತ್ತಿದರೆ ಮೇಲೆ ಹೋಗೋಣ ಅಂತ ಅರ್ಥ! ಚೆನ್ನಾಗಿದ್ದೀನಿ ಅನ್ನೋಕೆ ಹೆಬ್ಬೆಟ್ಟು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ದಡದಲ್ಲಿ ಹೇಳಿಕೊಟ್ಟಿದ್ದರು, ಇವನು ಕೇಳಿಸಿಕೊಂಡಿರಲಿಲ್ಲ ಅಷ್ಟೇ. ಎರಡನೇ ಸಲ ಇಳಿಯುವಾಗ ದಡದಿಂದಲೇ ಸೊನ್ನೆ ತೋರಿಸಿಕೊಂಡು ಹೋದ.

ಡೈವ್ ಮಾಡಿದ ಮೇಲೆ ಕೂಡಲೇ ವಿಮಾನ ಹತ್ತಬಾರದು, ಕಡಿಮೆ ಅಂದರೂ 18 ಗಂಟೆ ಬಿಡಿ. ಅದಕ್ಕೇ ಹ್ಯಾವ್‌ಲಾಕ್ ಮೊದಲು, ನೀಲ್ ಆಮೇಲೆ. ಮಕ್ಕಳಿಗೆ ಹೊಳೆ, ಕೆರೆಯಲ್ಲಿ ಈಜು ಬಂದರೂ ಸಮುದ್ರ ಬೇರೆ. ಹೋಗೋ ಮುಂಚೆ ಒಂದು ತಿಂಗಳು ಈಜುಕೊಳಕ್ಕೆ ಕಳಿಸಿ, ಮುಖ ನೀರಿನಲ್ಲಿಟ್ಟು ಬಾಯಲ್ಲಿ ಉಸಿರಾಡೋದು ಅಭ್ಯಾಸ ಆಗಲಿ. ಅಲ್ಲಿ ಉಪ್ಪುನೀರಿನ ಮೊಸಳೆಗಳೂ ಇವೆ. ಎಚ್ಚರಿಕೆ ಬೋರ್ಡ್ ಇರೋ ಕಡೆ, ನಿರ್ಜನ ಜಾಗದಲ್ಲಿ ನೀರಿಗೆ ಬಿಡಲೇಬೇಡಿ. ದೊಡ್ಡವರಾದ ಮಕ್ಕಳಿಗೆ ಇದನ್ನು ಎರಡು ಸಲ ಹೇಳಬೇಕು, ಚಿಕ್ಕವರಿದ್ದಾಗ ಕೈ ಹಿಡಿದುಕೊಂಡರೆ ಸಾಕಿತ್ತು.

ಇನ್ನೊಂದು ವಿಷಯ, ಕತ್ತಲು. ಅಂಡಮಾನ್ ನಮಗಿಂತ ಎಷ್ಟೋ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಏಪ್ರಿಲ್ ಕೊನೆಯಲ್ಲಿ ಬೆಳಿಗ್ಗೆ ಐದಕ್ಕೆಲ್ಲ ಬೆಳಕು, ಸಂಜೆ ಐದೂವರೆಗೆ ಸೂರ್ಯ ಮುಳುಗಿದ. ನಮ್ಮೂರಿಗಿಂತ ಒಂದು ಗಂಟೆಗೂ ಜಾಸ್ತಿ ಮುಂಚೆ. ರಜೆಯಲ್ಲಿ ಒಂಬತ್ತಕ್ಕೆ ಏಳೋ ಮಕ್ಕಳಿದ್ದರೆ ಅರ್ಧ ದಿನ ಹೋಯ್ತು. ಹಾಲು ಕರೆಯೋಕೆ ಏಳೋ ನಮಗೆ ತೊಂದರೆ ಆಗಲಿಲ್ಲ. ಮಕ್ಕಳನ್ನು ಎಬ್ಬಿಸೋಕೆ ಮಾತ್ರ ದಿನಾ ಜಗಳ.

ನೀಲ್‌ನಲ್ಲಿ ಮಕ್ಕಳಿಬ್ಬರಿಗೂ ಬಾಡಿಗೆ ಸೈಕಲ್ ಕೊಡಿಸಿದೆವು. ಚಿಕ್ಕ ದ್ವೀಪ, ಹೆಚ್ಚುಕಡಿಮೆ ಸಮತಟ್ಟು. ಮಧ್ಯಾಹ್ನ ಊಟಕ್ಕೆ ಬನ್ನಿ ಅಂತ ಬಿಟ್ಟುಬಿಟ್ಟೆವು. ನನಗೆ ಜೀವ ಕೈಯಲ್ಲಿತ್ತು, ಅವರು ಬಂದರು. ಇಡೀ ಪ್ರವಾಸದಲ್ಲಿ ಯಾವುದು ಇಷ್ಟ ಆಯ್ತು ಅಂತ ಆಮೇಲೆ ಕೇಳಿದರೆ ಮಗಳು ಹೇಳಿದ್ದು ಈ ಸೈಕಲ್ ದಿನವನ್ನೇ, ಆಮೆಯನ್ನಲ್ಲ. ಅಲ್ಲಿ ತಾನಾಗಿಯೇ ಆಗಿರೋ ಕಲ್ಲಿನ ಸೇತುವೆ ನೋಡಬೇಕಾದರೆ ಇಳಿತದ ಹೊತ್ತು ಕೇಳಿಕೊಂಡು ಹೋಗಿ. 2016ರಲ್ಲಿ ಭರತದ ಹೊತ್ತಿಗೆ ಹೋಗಿ ಬರೀ ಅಲೆ ನೋಡಿ ಬಂದಿದ್ದೆವು.

ಸೆಲ್ಯುಲರ್ ಜೈಲಿಗೆ ಮತ್ತೆ ಹೋಗಬೇಕಾ ಅಂತ ನಿಮಗೂ ಅನಿಸಬಹುದು. ಹೋಗಿ. ಚಿಕ್ಕವರಿದ್ದಾಗ ನಮ್ಮ ಮಕ್ಕಳು ಅಲ್ಲಿ ಓಡಾಡಿ ಆಡಿದ್ದರು. ಜೈಲಿನ ಏಳು ಕಟ್ಟಡ ಸಾಲುಗಳಲ್ಲಿ ಈಗ ಉಳಿದಿರೋದು ಮೂರು. ಕೈದಿಗಳಿಂದ ಎಣ್ಣೆ ತೆಗೆಸುತ್ತಿದ್ದ ಗಾಣದ ಮುಂದೆ ಮಗ ನಿಂತು, "ಆಲೆಮನೆ ಗಾಣದ ಹಾಗಿದೆ, ಎತ್ತು ಎಲ್ಲಿ?" ಅಂದ. ಎತ್ತಿನ ಬದಲು ಮನುಷ್ಯರನ್ನೇ ಕಟ್ಟುತ್ತಿದ್ದರು ಅಂತ ಅಕ್ಕ ಹೇಳಿದಳು. ಆಮೇಲೆ ಗೇಟಿನ ತನಕ ಇಬ್ಬರೂ ಮಾತಾಡಲಿಲ್ಲ.

ಬಾರಾಟಂಗ್ ದ್ವೀಪದ ಗುಹೆ ಬಿಟ್ಟೆವು. ಆ ರಸ್ತೆ ಜಾರವಾ ಆದಿವಾಸಿ ಜನರ ಕಾಡಿನ ಮೂಲಕ ಹೋಗುತ್ತೆ, ವಾಹನಗಳನ್ನು ಸಾಲಾಗಿ ಬಿಡುತ್ತಾರೆ, ಫೋಟೋ ತೆಗೆಯುವ ಹಾಗಿಲ್ಲ. ಆದರೂ ಕಿಟಕಿಗೆ ಮುಖ ಒತ್ತಿ ಹುಡುಕೋ ಜನರೇ ಜಾಸ್ತಿ. ನಾನು ಬರಲ್ಲ ಅಂತ ಮಗಳು ಮೊದಲೇ ಹೇಳಿದ್ದಳು.

ಸಸ್ಯಾಹಾರಕ್ಕೆ ತೊಂದರೆ ಇಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯೋದಾದರೆ ಕೈಚೀಲದಲ್ಲಿ ಇಡಬೇಡಿ, ದೊಡ್ಡ ಬ್ಯಾಗಿಗೆ ಹಾಕಿ. ಮರಳುನೊಣ ಕಚ್ಚುತ್ತೆ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತರೆ ಸ್ವಲ್ಪ ವಾಸಿ.

ಕೊನೆಯದಾಗಿ, ದಿನಾಂಕ ಗಟ್ಟಿ ಮಾಡೋ ಮುಂಚೆ ಪಂಚಾಂಗ ನೋಡಿ. ತಮಾಷೆ ಅಲ್ಲ. ಹ್ಯಾವ್‌ಲಾಕ್‌ನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನೀರಿನಲ್ಲಿ ರಾತ್ರಿ ಪುಟ್ಟ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ನೀರು ಅಲುಗಿದ ಕೂಡಲೇ ನೀಲಿಯಾಗಿ ಮಿನುಗುತ್ತವೆ. ಬೆಳದಿಂಗಳಿದ್ದರೆ ಏನೂ ಕಾಣೋದಿಲ್ಲ. ನಾವು ಹೋಗಿದ್ದು ಏಪ್ರಿಲ್ 27, ಅಮಾವಾಸ್ಯೆ. ಮಗ ಹುಟ್ಟು ಹಾಕಿದಾಗಲೆಲ್ಲ ಅದರ ಸುತ್ತ ಬೆಳಕು ಸುರುಳಿ ಸುತ್ತಿ ಆರುತ್ತಿತ್ತು. "ಮಿಂಚುಹುಳ ನೀರಿಗೆ ಬಿದ್ದಿದೆ" ಅಂತ ಕೂಗಿದ. ಮಾರನೇ ದಿನ ಅತ್ತೆಗೆ ಫೋನ್ ಮಾಡಿ ಎಲ್ಲ ವರ್ಣಿಸಿದೆ. ಅವರಿಗೆ ಅಂಡಮಾನ್ ಅಂದರೆ ಇವತ್ತಿಗೂ ಕರಿನೀರೇ. ಪೂರ್ತಿ ಕೇಳಿಸಿಕೊಂಡು, "ಅಮಾವಾಸ್ಯೆ ರಾತ್ರಿ ಮಕ್ಕಳನ್ನ ನೀರಿಗೆ ಇಳಿಸಿದ್ಯಾ?" ಅಂತ ಅಷ್ಟೇ ಕೇಳಿದರು. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ, ಬುಕ್ ಮಾಡಿ ಆದಮೇಲೆ ಹೇಳಿ.